ಫುಲ್ಸಮ್ ಅಂದ್ರೆ ಫುಲ್ ಅಲ್ಲ ಸ್ವಾಮಿ

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: ‘ಸರ್, ನಿಮ್ಮ ಕೆಲಸಕ್ಕೆ ನನ್ನ ಫುಲ್ಸಮ್ ಪ್ರೈಸ್.’ ಜೊತೆಗೆ ಚಪ್ಪಾಳೆ ಬೇರೆ. ಅಲ್ಲ ಸ್ವಾಮಿ, ನಾನು ನಿಮಗೇನು ಅನ್ಯಾಯ ಮಾಡಿದ್ದೆ?

ಪ್ರೈಸ್ ಅಂದರೆ ಇಲ್ಲಿ ಬೆಲೆ ಅಲ್ಲ, ಹೊಗಳಿಕೆ. ಫುಲ್ಸಮ್ ಅಂದರೆ ಭರಪೂರ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಫುಲ್ ಅನ್ನೋದು ನಮಗೆ ಮನೆಮಾತು ನೋಡಿ. ಫುಲ್ ಮೀಲ್ಸ್, ಫುಲ್ ಖುಷಿ, ಬಸ್ ಫುಲ್. ಆದರೆ ಫುಲ್ಸಮ್ ಪ್ರೈಸ್ ಅಂದರೆ ಅತಿಯಾದ, ಒಳಗಿಂದ ಬಾರದ ಹೊಗಳಿಕೆ. ಕೇಳಿದವರಿಗೆ ‘ಸಾಕು ಮಾಡಪ್ಪಾ’ ಅನ್ನಿಸುವಷ್ಟು ಬೆಣ್ಣೆ.

ಸಾಹೇಬರ ನಿವೃತ್ತಿ ಸಮಾರಂಭಕ್ಕೆ ಹೋಗಿದ್ದೀರಲ್ವಾ? ಶಾಲು, ಮೈಸೂರು ಪೇಟ, ಪ್ಲಾಸ್ಟಿಕ್ ಹಾಳೆ ಬಿಚ್ಚದ ಹಣ್ಣಿನ ಬುಟ್ಟಿ. ನಿನ್ನೆವರೆಗೂ ಕ್ಯಾಂಟೀನಿನಲ್ಲಿ ಅವರನ್ನು ಬೈದವನೇ ಮೈಕ್ ಹಿಡಿದು ‘ಇವರು ಮನುಷ್ಯರಲ್ಲ, ದೇವರು’ ಅನ್ನುತ್ತಾನೆ. ಹಿಂದಿನ ಸಾಲಿನವರು ಬೋಂಡಾ ಬಂತಾ ಅಂತ ಬಾಗಿಲ ಕಡೆ ನೋಡುತ್ತಾರೆ. ಅದು ಫುಲ್ಸಮ್!

‘ಡಿಕ್ಷನರಿಯಲ್ಲಿ ಎರಡೂ ಅರ್ಥ ಇದೆ ಸರ್.’ ಗೊತ್ತು ಕಣ್ರೀ. ಮೆರಿಯಮ್-ವೆಬ್‌ಸ್ಟರ್ ತೆಗೆದರೆ ‘ಧಾರಾಳ’ ಅನ್ನೋ ಅರ್ಥವೂ ಸಿಗುತ್ತದೆ. ಮಧ್ಯಯುಗದ ಇಂಗ್ಲಿಷಿನಲ್ಲಿ ಈ ಪದ ಹುಟ್ಟಿದ್ದೇ ಸಮೃದ್ಧಿ ಅನ್ನೋ ಅರ್ಥದಲ್ಲಿ. ಆಮೇಲೆ ಓಕರಿಕೆ ತರಿಸುವಂಥದ್ದು ಅಂತ ಆಯಿತು. ಶೇಕ್ಸ್‌ಪಿಯರನ ‘ಟ್ವೆಲ್ತ್ ನೈಟ್’ನಲ್ಲಿ ಡ್ಯೂಕ್ ಪ್ರೀತಿ ಪ್ರೀತಿ ಅಂತ ಒಲಿವಿಯಾಳ ಬೆನ್ನು ಬಿದ್ದಿರುತ್ತಾನೆ. ಮತ್ತೆ ಅದೇ ರಾಗ ಆದರೆ ನನ್ನ ಕಿವಿಗೆ ಫುಲ್ಸಮ್, ಸಂಗೀತ ಮುಗಿದ ಮೇಲೆ ಊಳಿಟ್ಟ ಹಾಗೆ, ಅಂತ ಅವಳು ಮುಖಕ್ಕೇ ಹೇಳುತ್ತಾಳೆ. ಇದು ಮೆಚ್ಚಿದವರು ಆಡೋ ಮಾತಾ?

ಅಂದ ಹಾಗೆ, ಸಬ್‌ಸ್ಕ್ರೈಬ್ ಮಾಡಿಲ್ಲದವರು ಮಾಡಿ, ಬೆಲ್ ಒತ್ತಿ. ನಮ್ಮ ಹೊಸ ಮಗ್ ಬಂದಿದೆ, ಮೇಲೆ ‘ಬೆಣ್ಣೆ ದೋಸೆಗೆ ಮಾತ್ರ’ ಅಂತ ಬರೆದಿದೆ. ಲಿಂಕ್ ಕೆಳಗಿದೆ.

‘ಭಾಷೆ ಬದಲಾಗುತ್ತೆ ಸರ್.’ ಬದಲಾಗಲಿ, ನಾನೇನು ಅಡ್ಡ ಮಲಗಿದ್ದೀನಾ? ಆದರೆ ಅಪ್ರೈಸಲ್ ತಿಂಗಳಲ್ಲಿ ಬಾಸ್‌ಗೆ ‘ಫುಲ್ಸಮ್ ಪ್ರೈಸ್’ ಅಂತ ಮೇಲ್ ಹಾಕಿ ನೋಡಿ. ಅವರಿಗೆ ಈ ಅತಿ ಹೊಗಳಿಕೆಯ ಅರ್ಥ ಗೊತ್ತಿದ್ದರೆ ಮುಗೀತು ಕಥೆ. ಬೆಣ್ಣೆ ಹಚ್ಚುತ್ತಿದ್ದೇನೆ ಅಂತ ನೀವೇ ಬರೆದು ಸಹಿ ಹಾಕಿ ಕೊಟ್ಟ ಹಾಗಾಯ್ತು!

ಇನ್ನು ಕೆಲವರು, ‘ಇಂಗ್ಲಿಷ್ ಪೇಪರಿನಲ್ಲೇ ಬರುತ್ತಲ್ಲ’ ಅಂತಾರೆ. ಬರುತ್ತೆ. ಪಕ್ಷದ ನಾಯಕರಿಗೆ ಶಾಸಕರಿಂದ ಫುಲ್ಸಮ್ ಪ್ರೈಸ್ ಅಂತ. ಅದು ಮಾತ್ರ ತಿಳಿಯದೇ ಬರೆದರೂ ಸರಿಯಾಗೇ ಇರುತ್ತೆ!

ಆದ್ದರಿಂದ ಫುಲ್ಸಮ್ ಅಂದ್ರೆ ಫುಲ್ ಅಲ್ಲ. ಅಲ್ಲ ಅಂದ್ರೆ ಅಲ್ಲ. ಯಾಕೆ ಅಂದ್ರೆ... ಹೇಳಿದೆನಲ್ಲ, ಮತ್ತೆ ಮೊದಲಿಂದ ನೋಡಿ, ನನಗೂ ವ್ಯೂಸ್ ಬರಲಿ. ನಿಜಕ್ಕೂ ಇಷ್ಟ ಆದರೆ ‘ಚೆನ್ನಾಗಿತ್ತು’ ಅಂತ ಬರೆಯಿರಿ, ನನಗೆ ಅಷ್ಟೇ ಜಾಸ್ತಿ. ಮುಂದಿನ ವಾರ ‘ಪ್ರೀಪೋನ್’ ಬಗ್ಗೆ ಮಾತಾಡೋಣ. ಅದು ನಮ್ಮ ದೇಶದ ಪದ, ಅದನ್ನ ತಪ್ಪು ಅಂತ ಯಾರಾದರೂ ಅಂದರೆ ಜಗಳ ಗ್ಯಾರಂಟಿ.