ಜೈಂಟ್ಸ್ ಬ್ಯಾಟರ್‌ಗಳನ್ನು ತಂದಿತು, ಪಿಚರ್‌ಗಳನ್ನು ಮರೆಯಿತು

ನಮಸ್ಕಾರ. 2022ರಲ್ಲಿ 81 ಗೆಲುವು, 2023ರಲ್ಲಿ 79, 2024ರಲ್ಲಿ 80, 2025ರಲ್ಲಿ ಮತ್ತೆ 81. ಒಂದು ಋತುವಿಗೆ 162 ಪಂದ್ಯಗಳನ್ನಾಡುವ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡ ನಾಲ್ಕು ವರ್ಷಗಳಿಂದ ಗೆದ್ದಷ್ಟೇ ಸೋಲುತ್ತ, ಮೇಲಕ್ಕೂ ಏರದೆ ಕೆಳಕ್ಕೂ ಇಳಿಯದೆ ನಿಂತಿದೆ. 2010, 2012 ಮತ್ತು 2014ರಲ್ಲಿ ಚಾಂಪಿಯನ್ ಪಟ್ಟದ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ತಂಡ ಇದು. 2021ರಲ್ಲಿ 107 ಪಂದ್ಯಗಳನ್ನು ಗೆದ್ದು ಇಡೀ ಲೀಗ್‌ನಲ್ಲಿ ಮೊದಲ ಸ್ಥಾನ ಪಡೆದಿತ್ತು. ಆಮೇಲೆ ಒಮ್ಮೆಯೂ ಪ್ಲೇಆಫ್ ಕಂಡಿಲ್ಲ. ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೊಸೆಗಳಲ್ಲಿ ನೆಲೆಸಿರುವ ಎಷ್ಟೋ ಕನ್ನಡಿಗರಿಗೆ ಬೇಸ್‌ಬಾಲ್ ಒಲಿದದ್ದೇ ಈ ತಂಡದ ಮೂಲಕ. ಹಾಗಾಗಿ 2026ರ ಋತುವಿಗಾಗಿ ಈ ಚಳಿಗಾಲದಲ್ಲಿ ತಂಡ ಮಾಡಿಕೊಂಡ ಬದಲಾವಣೆಗಳನ್ನು ಇಂದು ಸಾವಧಾನವಾಗಿ ನೋಡೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಜೈಂಟ್ಸ್ ಆಡಳಿತ ಬ್ಯಾಟಿಂಗ್ ವಿಷಯದಲ್ಲಿ ಬುದ್ಧಿವಂತಿಕೆ ತೋರಿದೆ, ಪಿಚಿಂಗ್ (ಚೆಂಡೆಸೆತ) ವಿಷಯದಲ್ಲಿ ಕೈ ಬಿಗಿ ಹಿಡಿದಿದೆ, ಮತ್ತು ಒಂದು ಮುಖ್ಯ ನಿರ್ಧಾರದಿಂದ ಇರುವ ಪಿಚರ್‌ಗಳ ಕೆಲಸವನ್ನೇ ಕಷ್ಟಗೊಳಿಸಿದೆ.

ಕಳೆದ ಋತುವಿನಲ್ಲಿ ಏನಾಯಿತೆಂಬುದನ್ನು ನೆನಪಿಸಿಕೊಳ್ಳದೆ ಈ ಮಾತು ಅರ್ಥವಾಗದು. 2025ರ ಜೂನ್ ಮಧ್ಯದಲ್ಲಿ, ತಂಡ ಒಳ್ಳೆಯ ಸ್ಥಿತಿಯಲ್ಲಿದ್ದಾಗ, ಆಟಗಾರರ ಆಯ್ಕೆಯ ಹೊಣೆ ಹೊತ್ತಿರುವ ಮಾಜಿ ಕ್ಯಾಚರ್ ಬಸ್ಟರ್ ಪೋಸಿ ಅವರು ಬಾಸ್ಟನ್ ರೆಡ್ ಸಾಕ್ಸ್‌ನಿಂದ ರಫಾಯೆಲ್ ಡೆವರ್ಸ್ ಅವರನ್ನು ಕರೆತಂದರು. ಜಾರ್ಡನ್ ಹಿಕ್ಸ್, ಕೈಲ್ ಹ್ಯಾರಿಸನ್ ಸೇರಿ ನಾಲ್ವರನ್ನು ಬಿಟ್ಟುಕೊಟ್ಟು, 2033ರವರೆಗಿನ ಒಪ್ಪಂದದಲ್ಲಿ ಉಳಿದಿದ್ದ 25 ಕೋಟಿ ಡಾಲರ್‌ಗೂ ಮಿಕ್ಕಿದ ಹೊರೆಯನ್ನು ಹೊತ್ತುಕೊಂಡರು. ಡೆವರ್ಸ್ ಎರಡೂ ತಂಡಗಳ ಪರ ಸೇರಿ 35 ಹೋಮ್ ರನ್ (ಚೆಂಡನ್ನು ಗೋಡೆಯಾಚೆ ಹೊಡೆದು ಗಳಿಸುವ ರನ್) ಹೊಡೆದರು; ಒಳ ಮೈದಾನ ಕಾಯುವ ಶಾರ್ಟ್‌ಸ್ಟಾಪ್ ವಿಲ್ಲಿ ಅಡಾಮೆಸ್ 30 ಹೊಡೆದು, 2004ರ ಬ್ಯಾರಿ ಬಾಂಡ್ಸ್ ನಂತರ ಆ ಸಂಖ್ಯೆ ಮುಟ್ಟಿದ ಮೊದಲ ಜೈಂಟ್ಸ್ ಆಟಗಾರರಾದರು. ಆದರೂ ಬೇಸಿಗೆಯಲ್ಲಿ ತಂಡ ಕುಸಿಯಿತು. ಜುಲೈ ಕೊನೆಯ ಆಟಗಾರರ ವಿನಿಮಯ ಗಡುವಿಗೆ ಮುನ್ನ, ಆರಂಭದ ಪಿಚರ್ ನಂತರ ಎಸೆಯಲು ಬರುವ ರಿಲೀಫ್ ಪಿಚರ್‌ಗಳಾದ ಟೈಲರ್ ರೋಜರ್ಸ್ ಅವರನ್ನು ಮೆಟ್ಸ್‌ಗೆ, ಕಮಿಲೊ ಡೋವಲ್ ಅವರನ್ನು ಯಾಂಕೀಸ್‌ಗೆ ಬಿಟ್ಟುಕೊಡಲಾಯಿತು. ಆಮೇಲೆ ನಡೆದದ್ದು ನನಗೆ ಇಂದಿಗೂ ನೋವು ತರುತ್ತದೆ: ಅದೇ ತಂಡ ಸೆಪ್ಟೆಂಬರ್‌ನಲ್ಲಿ ಮತ್ತೆ ಪೈಪೋಟಿಗೆ ಮರಳಿತು, ಸಿನ್ಸಿನಾಟಿ ರೆಡ್ಸ್ ಕೇವಲ 83 ಗೆಲುವುಗಳೊಂದಿಗೆ, ತಮ್ಮ ಡಿವಿಷನ್ (ಗುಂಪು) ಗೆಲ್ಲದ ತಂಡಗಳಿಗೆ ಪ್ಲೇಆಫ್‌ನಲ್ಲಿ ಸಿಗುವ ಕೊನೆಯ ವೈಲ್ಡ್ ಕಾರ್ಡ್ ಸ್ಥಾನ ಪಡೆಯಿತು, ಮತ್ತು 81ರಲ್ಲಿ ನಿಂತ ಜೈಂಟ್ಸ್ ಎರಡು ಗೆಲುವುಗಳಿಂದ ಹೊರಗುಳಿಯಿತು. ಒಂಬತ್ತು ಇನ್ನಿಂಗ್ಸ್‌ಗಳ ಪಂದ್ಯದ ಕೊನೆಯ ಇನ್ನಿಂಗ್ಸ್‌ಗಳನ್ನು ಕಾಯಬಲ್ಲ ಇಬ್ಬರನ್ನು ಕಳುಹಿಸದಿದ್ದರೆ ಆ ಎರಡು ಗೆಲುವು ಸಿಗುತ್ತಿರಲಿಲ್ಲ ಎಂದು ವಾದಿಸುವುದು ಕಷ್ಟ.

ಈಗ ಈ ಚಳಿಗಾಲಕ್ಕೆ ಬರೋಣ. ಐಪಿಎಲ್ ಹರಾಜು ನೋಡಿ ಬೆಳೆದವರು ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿ ಹರಾಜಿನ ದಿನವೆಂಬುದಿಲ್ಲ, ತಂಡದ ಖರ್ಚಿಗೆ ಕಡ್ಡಾಯ ಮಿತಿಯೂ ಇಲ್ಲ. ಒಪ್ಪಂದ ಮುಗಿದ ಆಟಗಾರ ನವೆಂಬರ್‌ನಿಂದ ಫೆಬ್ರವರಿಯವರೆಗೆ ಯಾವ ತಂಡದೊಂದಿಗಾದರೂ ಮಾತುಕತೆ ನಡೆಸಬಹುದು. ಆ ಮಾರುಕಟ್ಟೆಯಲ್ಲಿ ಜೈಂಟ್ಸ್ ಪಡೆದ ಬ್ಯಾಟರ್‌ಗಳಲ್ಲಿ ಇಬ್ಬರು ಮುಖ್ಯರು. ಹ್ಯಾರಿಸನ್ ಬೇಡರ್ ಅವರಿಗೆ ಎರಡು ವರ್ಷಗಳಿಗೆ 2.05 ಕೋಟಿ ಡಾಲರ್, ಲೂಯಿಸ್ ಅರಾಯೆಸ್ ಅವರಿಗೆ ಒಂದು ವರ್ಷಕ್ಕೆ 1.2 ಕೋಟಿ ಡಾಲರ್.

ಬೇಡರ್ ಅವರ ಆಯ್ಕೆಯನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ತಂಡದ ಮೈದಾನವಾದ ಒರಾಕಲ್ ಪಾರ್ಕ್‌ನ ಬಲ-ಮಧ್ಯ ಭಾಗದಲ್ಲಿ ಗೋಡೆ 415 ಅಡಿ ದೂರದಲ್ಲಿದೆ. ಕೊಲ್ಲಿಯಿಂದ ಬರುವ ತಂಪು ಗಾಳಿ ಚೆಂಡನ್ನು ದೂರ ಹೋಗಲು ಬಿಡುವುದಿಲ್ಲ. ಆದ್ದರಿಂದ ಅಲ್ಲಿ ಹೊರ ಮೈದಾನದ ಮಧ್ಯಭಾಗ ಕಾಯುವ ಸೆಂಟರ್ ಫೀಲ್ಡರ್ ಓಡಬೇಕಾದ ನೆಲ ಬಹಳ ದೊಡ್ಡದು. 11.3 ಕೋಟಿ ಡಾಲರ್ ಒಪ್ಪಂದದ ಮೇಲೆ ಕೊರಿಯಾದಿಂದ ಬಂದ ಜಂಗ್ ಹೂ ಲೀ ಒಳ್ಳೆಯ ಬ್ಯಾಟರ್, ಕಳೆದ ವರ್ಷ 12 ಟ್ರಿಪಲ್ (ಒಂದೇ ಹೊಡೆತಕ್ಕೆ ಮೂರನೆಯ ಬೇಸ್ ತಲುಪುವುದು) ಹೊಡೆದವರು, ಆದರೆ ಆ ವಿಸ್ತಾರವನ್ನು ಕಾಯುವುದರಲ್ಲಿ ಹಿಂದೆ ಬಿದ್ದರು. 2021ರಲ್ಲಿ ಶ್ರೇಷ್ಠ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪಡೆದ ಬೇಡರ್ ಮಧ್ಯದಲ್ಲಿ ನಿಂತು, ಲೀ ಬಲಬದಿಗೆ ಸರಿದರೆ, ಎರಡೂ ಸ್ಥಾನಗಳು ಒಟ್ಟಿಗೆ ಸುಧಾರಿಸುತ್ತವೆ. ಆ ಬಲಬದಿಯಲ್ಲಿ ವಿಲ್ಲಿ ಮೇಸ್ ಅವರ ಜೆರ್ಸಿ ಸಂಖ್ಯೆಯ ನೆನಪಿಗೆ 24 ಅಡಿ ಎತ್ತರ ಕಟ್ಟಿದ ಗೋಡೆಯಿದೆ, ಅದರಿಂದ ಪುಟಿಯುವ ಚೆಂಡಿನ ದಾರಿಯನ್ನು ಲೀ ಹೊಸದಾಗಿ ಕಲಿಯಬೇಕು. ಅದಕ್ಕೆ ಸ್ವಲ್ಪ ಕಾಲ ಹಿಡಿದರೂ ಚಿಂತೆಯಿಲ್ಲ.

ಅರಾಯೆಸ್ ಅವರ ವಿಷಯ ಅಷ್ಟು ಸರಳವಲ್ಲ. 2022ರಲ್ಲಿ ಮಿನ್ನೆಸೋಟ, 2023ರಲ್ಲಿ ಮಯಾಮಿ, 2024ರಲ್ಲಿ ಸ್ಯಾನ್ ಡಿಯೇಗೊ ಹೀಗೆ ಮೂರು ವರ್ಷ ಮೂರು ತಂಡಗಳಲ್ಲಿದ್ದುಕೊಂಡು ಬ್ಯಾಟಿಂಗ್ ಸರಾಸರಿಯಲ್ಲಿ ತಮ್ಮ ಲೀಗ್‌ಗೆ (ಮೇಜರ್ ಲೀಗ್‌ನ ಎರಡು ವಿಭಾಗಗಳಾದ ಅಮೆರಿಕನ್, ನ್ಯಾಷನಲ್ ಲೀಗ್‌ಗಳಲ್ಲಿ ಒಂದಕ್ಕೆ) ಮೊದಲಿಗರಾದವರು ಅವರು. ಕಳೆದ ಇಡೀ ಋತುವಿನಲ್ಲಿ ಚೆಂಡನ್ನು ಮೈದಾನಕ್ಕೆ ಹೊಡೆಯಲಾಗದೆ ಕೇವಲ 21 ಬಾರಿ ಸ್ಟ್ರೈಕ್‌ಔಟ್ ಆದರು. ಇಂದಿನ ಆಟದಲ್ಲಿ ಅನೇಕ ಬ್ಯಾಟರ್‌ಗಳು ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸಲ ಹಾಗೆ ಔಟಾಗುತ್ತಾರೆ. ಬ್ಯಾಟಿಂಗ್ ಸರಾಸರಿಯಲ್ಲಿ ಲೀಗ್‌ನ ಕೆಳಸಾಲಿನಲ್ಲಿದ್ದ ಜೈಂಟ್ಸ್‌ಗೆ ಇಂಥವರು ಅಗತ್ಯವಾಗಿ ಬೇಕಿತ್ತು: ಡೆವರ್ಸ್ ಮತ್ತು ಅಡಾಮೆಸ್ ಬ್ಯಾಟಿಗೆ ಬರುವ ಹೊತ್ತಿಗೆ ಬೇಸ್‌ಗಳ (ರನ್ನಿಗಾಗಿ ಸುತ್ತಬೇಕಾದ ಠಾಣೆಗಳ) ಮೇಲೆ ಯಾರಾದರೂ ಇದ್ದರೆ ಮಾತ್ರ ಅವರ ಹೋಮ್ ರನ್‌ಗಳು ಒಂದೊಂದು ರನ್ನಿಗೆ ಮುಗಿಯದೆ ಮೂರಾಗಿ ಬೆಳೆಯುತ್ತವೆ.

ಆದರೆ ಅರಾಯೆಸ್ ಎಲ್ಲಿ ನಿಲ್ಲುತ್ತಾರೆ? ಫಸ್ಟ್ ಬೇಸ್ ಮತ್ತು ನಿಯೋಜಿತ ಬ್ಯಾಟರ್ (ಫೀಲ್ಡಿಂಗ್ ಮಾಡದೆ ಬ್ಯಾಟಿಂಗ್ ಮಾತ್ರ ಮಾಡುವವರು) ಸ್ಥಾನಗಳು ಡೆವರ್ಸ್ ಹಾಗೂ 21 ವರ್ಷದ ಬ್ರೈಸ್ ಎಲ್‌ಡ್ರಿಜ್ ಅವರಿಗೆ ಮೀಸಲಾಗಿರುವುದರಿಂದ ತಂಡ ಅವರಿಗೆ ಸೆಕೆಂಡ್ ಬೇಸ್ ಒಪ್ಪಿಸಿದೆ. ಫೀಲ್ಡಿಂಗ್‌ನಲ್ಲಿ ಅವರ ಓಟ ಸಾಲದೆಂಬ ಕಾರಣಕ್ಕೆ ಸ್ಯಾನ್ ಡಿಯೇಗೊ ಪಾಡ್ರೇಸ್ ತಂಡ 2025ರಲ್ಲಿ ಅವರನ್ನು ಹೆಚ್ಚಾಗಿ ಫಸ್ಟ್ ಬೇಸ್‌ನಲ್ಲೇ ಇರಿಸಿತ್ತು. 2023ರ ನಿಯಮದ ಪ್ರಕಾರ ಸೆಕೆಂಡ್ ಬೇಸ್‌ನ ಎರಡೂ ಬದಿಗೆ ಇಬ್ಬಿಬ್ಬರು ಇನ್‌ಫೀಲ್ಡರ್‌ಗಳು (ಒಳ ಮೈದಾನದ ಫೀಲ್ಡರ್‌ಗಳು) ನಿಂತಿರಲೇಬೇಕು. ಮೊದಲಿನಂತೆ ಮೂವರನ್ನು ಒಂದೇ ಕಡೆ ನಿಲ್ಲಿಸಿ ನಿಧಾನಿಯೊಬ್ಬನನ್ನು ಮರೆಸಿಕೊಳ್ಳಲು ಬರುವುದಿಲ್ಲ. ಇನ್ನು ಪಿಚರ್‌ಗಳನ್ನು ನೋಡಿ. ತಂಡದ ಆಧಾರವಾದ ಲೋಗನ್ ವೆಬ್ ಬ್ಯಾಟರ್‌ಗಳಿಂದ ಚೆಂಡನ್ನು ನೆಲದ ಮೇಲೆ ಉರುಳಿಸುವಂತೆ ಮಾಡಿಯೇ ಹೆಸರಾದವರು. ಹೊಸದಾಗಿ ಎರಡು ವರ್ಷಗಳಿಗೆ 2.2 ಕೋಟಿ ಡಾಲರ್ ಕೊಟ್ಟು ತಂದ ಏಡ್ರಿಯನ್ ಹೌಸರ್ ಅವರ ಮುಖ್ಯ ಅಸ್ತ್ರವೂ ಕೆಳಗಿಳಿಯುವ ಸಿಂಕರ್. ನೆಲದ ಚೆಂಡುಗಳನ್ನು ನಂಬಿದ ಪಿಚರ್‌ಗಳನ್ನು ಇಟ್ಟುಕೊಂಡು, ಆ ಚೆಂಡುಗಳು ಹೆಚ್ಚಾಗಿ ಹೋಗುವ ಜಾಗದಲ್ಲಿ ವ್ಯಾಪ್ತಿ ಕಡಿಮೆಯಿರುವವರನ್ನು ನಿಲ್ಲಿಸುವುದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ.

ಇದಕ್ಕೆ ಆಡಳಿತದ ಬಳಿ ಒಂದು ಉತ್ತರವಿದೆ, ಅದನ್ನು ನಾನು ಲಘುವಾಗಿ ಕಾಣುವುದಿಲ್ಲ. ಇನ್‌ಫೀಲ್ಡ್ ತರಬೇತಿಯಲ್ಲಿ ಬೇಸ್‌ಬಾಲ್ ಲೋಕವೇ ಗೌರವಿಸುವ ರಾನ್ ವಾಷಿಂಗ್ಟನ್ ಅವರು ಈ ವರ್ಷ ಜೈಂಟ್ಸ್ ಕೋಚ್‌ಗಳ ಬಳಗ ಸೇರಿದ್ದಾರೆ. ಚಿಕ್ಕ ಗ್ಲವ್ ತೊಡಿಸಿ, ಮೊಣಕಾಲೂರಿ ಕೂರಿಸಿ, ಹತ್ತಿರದಿಂದ ಚೆಂಡು ಹೊಡೆದು ಕೈಗಳಿಗೆ ಶಿಸ್ತು ಕಲಿಸುವ ಅವರ ಅಭ್ಯಾಸಕ್ರಮ ಪ್ರಸಿದ್ಧ. ವಿಶೇಷವೆಂದರೆ 2010ರ ವರ್ಲ್ಡ್ ಸೀರೀಸ್‌ನಲ್ಲಿ ಜೈಂಟ್ಸ್ ಎದುರು ಸೋತ ಟೆಕ್ಸಸ್ ರೇಂಜರ್ಸ್‌ನ ಮ್ಯಾನೇಜರ್ (ಮುಖ್ಯ ಕೋಚ್) ಆಗಿದ್ದವರೂ ಇವರೇ. ಆದರೆ ಅಭ್ಯಾಸದಿಂದ ಕೈ ಸುಧಾರಿಸಬಹುದು, ಹೆಜ್ಜೆಯ ಚುರುಕು ಸುಧಾರಿಸೀತೆಂಬ ಭರವಸೆ ನನಗಿಲ್ಲ. ವೆಬ್ ಆಡುವ ದಿನಗಳಲ್ಲಾದರೂ ತಂಡದ ಮತ್ತೊಬ್ಬ ಇನ್‌ಫೀಲ್ಡರ್ ಕೇಸಿ ಶ್ಮಿಟ್ ಅವರನ್ನು ಸೆಕೆಂಡ್ ಬೇಸ್‌ಗೆ ತಂದು, ಅರಾಯೆಸ್ ಅವರನ್ನು ನಿಯೋಜಿತ ಬ್ಯಾಟರ್ ಆಗಿ ಆಡಿಸುವ ಧೈರ್ಯ ತೋರಬೇಕು.

ಈಗ ಪಿಚಿಂಗ್. ಆರಂಭದ ಪಿಚರ್‌ಗಳಲ್ಲಿ ವೆಬ್ ಅವರ ಬಗ್ಗೆ ಯಾರಿಗೂ ಸಂದೇಹವಿಲ್ಲ. ಸತತ ಮೂರು ವರ್ಷ 200ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದು, ಕಳೆದ ವರ್ಷ 224 ಸ್ಟ್ರೈಕ್‌ಔಟ್‌ಗಳೊಂದಿಗೆ ನ್ಯಾಷನಲ್ ಲೀಗ್‌ನಲ್ಲಿ ಮೊದಲಿಗರಾದರು. ರಾಬಿ ರೇ 2025ರಲ್ಲಿ ಆಲ್-ಸ್ಟಾರ್ (ಋತುವಿನ ಉತ್ತಮ ಆಟಗಾರರ ತಂಡಕ್ಕೆ ಆಯ್ಕೆ) ಆಗಿದ್ದವರು, ಆದರೆ ಅವರಿಗೆ 34 ವರ್ಷ, ಒಪ್ಪಂದ ಈ ಋತುವಿಗೆ ಮುಗಿಯುತ್ತದೆ. ಲ್ಯಾಂಡನ್ ರೂಪ್ ಭರವಸೆ ಮೂಡಿಸಿ ಆಗಸ್ಟ್‌ನಲ್ಲಿ ಮೊಣಕಾಲಿನ ಗಾಯಕ್ಕೆ ತುತ್ತಾದರು. ಹೌಸರ್ ಜೊತೆಗೆ ಬಂದ ಟೈಲರ್ ಮಾಲಿ ರೇಂಜರ್ಸ್ ಪರ ಅದ್ಭುತವಾಗಿ ಎಸೆದರು, ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ 2.18; ಆದರೆ ಭುಜದ ನೋವಿನಿಂದಾಗಿ 16 ಪಂದ್ಯಗಳನ್ನಷ್ಟೇ ಆರಂಭಿಸಿದರು. ಡಿಲನ್ ಸೀಸ್ 21 ಕೋಟಿ ಡಾಲರ್‌ಗೆ ಟೊರಾಂಟೊ ಸೇರಿದಾಗ, ರೇಂಜರ್ ಸ್ವಾರೆಸ್ 13 ಕೋಟಿ ಡಾಲರ್‌ಗೆ ಬಾಸ್ಟನ್ ಸೇರಿದಾಗ, ಜೈಂಟ್ಸ್ ಬಾಗಿಲಲ್ಲೇ ನಿಂತು ನೋಡಿತು. ವೆಬ್ ಅವರಿಗೆ ಹೆಗಲು ಕೊಡುವ ಎರಡನೆಯ ದೊಡ್ಡ ಪಿಚರ್ ಬರಲೇ ಇಲ್ಲ.

ಬುಲ್‌ಪೆನ್, ಅಂದರೆ ರಿಲೀಫ್ ಪಿಚರ್‌ಗಳ ಬಳಗದ ಸ್ಥಿತಿ ಇದಕ್ಕಿಂತ ಚಿಂತಾಜನಕ. ಕಳೆದ ವರ್ಷ ಆಲ್-ಸ್ಟಾರ್ ಆದ ರ್‍ಯಾಂಡಿ ರೊಡ್ರಿಗೆಸ್ ಮೊಣಕೈ ಶಸ್ತ್ರಚಿಕಿತ್ಸೆಯ ಕಾರಣ 2026ರಲ್ಲಿ ಆಡುವುದಿಲ್ಲ. ರೋಜರ್ಸ್ ಮತ್ತು ಡೋವಲ್ ಹೋಗಿಯಾಯಿತು. ಒಪ್ಪಂದ ಮುಗಿದ ರೋಜರ್ಸ್ ಅವರನ್ನು ಚಳಿಗಾಲದಲ್ಲಿ ಮರಳಿ ಕರೆಯಬಹುದಿತ್ತು, ಅವರೂ ಟೊರಾಂಟೊ ಪಾಲಾದರು. ಅವರ ಜಾಗಕ್ಕೆ ತಂಡ ತಂದ ಸ್ಯಾಮ್ ಹೆಂಟ್ಜಸ್ ಮತ್ತು ಜೇಸನ್ ಫೋಲಿ ಇಬ್ಬರೂ ಭುಜದ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವರು. ಉಳಿದವರಲ್ಲಿ ಅನುಭವಿಯೆಂದರೆ ರಯಾನ್ ವಾಕರ್, ಅವರ 2025ರ ಋತು ಏರುಪೇರಿನದಾಗಿತ್ತು. ಒಂದು ರನ್ ಮುನ್ನಡೆಯಿಟ್ಟುಕೊಂಡು ಎಂಟನೆಯ ಇನ್ನಿಂಗ್ಸ್‌ಗೆ ಹೋದಾಗ ಚೆಂಡು ಯಾರ ಕೈಗೆ ಕೊಡಬೇಕು ಎಂಬ ಪ್ರಶ್ನೆಗೆ ಇಂದು ಖಚಿತ ಉತ್ತರವಿಲ್ಲ. ಇದು ನನ್ನ ಮುಖ್ಯ ದೂರು.

ಹಣವಿರಲಿಲ್ಲವೇ? ಆಟಗಾರರ ಸಂಬಳದ ವೆಚ್ಚ ಮಿತಿ ಮೀರಿದರೆ ತೆರಬೇಕಾದ ಐಷಾರಾಮಿ ತೆರಿಗೆ ಆರಂಭವಾಗುವ ಗಡಿ 2026ಕ್ಕೆ 24.4 ಕೋಟಿ ಡಾಲರ್. ಜೈಂಟ್ಸ್ ಅದನ್ನು ದಾಟಿಲ್ಲ. ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಒಪ್ಪಂದ 2026ರ ಡಿಸೆಂಬರ್ 1ರಂದು ಮುಗಿಯಲಿರುವುದರಿಂದ, ಮುಂದೆ ಏನಾಗುವುದೋ ಎಂಬ ಅಳುಕಿನಲ್ಲಿ ದೀರ್ಘಕಾಲದ ಹೊಣೆ ಹೊರಲು ಮಾಲೀಕರು ಹಿಂಜರಿದಿರಬಹುದು. ಪಿಚರ್‌ಗಳ ಮೊಣಕೈ, ಭುಜಗಳು ಎಷ್ಟು ಬೇಗ ಕೈಕೊಡುತ್ತವೆಂಬುದೂ ನಿಜ. ಆದರೆ ಡೆವರ್ಸ್, ಅಡಾಮೆಸ್, ಮ್ಯಾಟ್ ಚಾಪ್‌ಮನ್ ಮೂವರಿಗೆ ಈಗಾಗಲೇ ದೀರ್ಘ ಒಪ್ಪಂದ ಕೊಟ್ಟಾಗಿದೆ. ಆ ಮೂವರೂ ಮೂವತ್ತರ ಆಸುಪಾಸಿನವರು. ಅವರ ಉತ್ತಮ ವರ್ಷಗಳು ಇವೇ. ಬ್ಯಾಟಿಂಗ್‌ಗೆ ಇಷ್ಟು ದೊಡ್ಡ ಬೆಲೆ ತೆತ್ತ ಮೇಲೆ ಪಿಚಿಂಗ್ ಹೊತ್ತಿಗೆ ಕೈ ಹಿಂದೆಗೆದರೆ ಮೊದಲು ಸುರಿದ ಹಣವೂ ಪೂರ್ಣ ಫಲ ಕೊಡುವುದಿಲ್ಲ. ಜೈಂಟ್ಸ್ ಇರುವ ಡಿವಿಷನ್‌ನಲ್ಲೇ 2024 ಮತ್ತು 2025ರ ಚಾಂಪಿಯನ್ ಡಾಡ್ಜರ್ಸ್ ಇದೆ. ಅದು ಈ ಚಳಿಗಾಲದಲ್ಲಿ ಕೈಲ್ ಟಕರ್ ಅವರಿಗೆ ನಾಲ್ಕು ವರ್ಷಕ್ಕೆ 24 ಕೋಟಿ ಡಾಲರ್ ಕೊಟ್ಟಿತಲ್ಲದೆ, ಪಂದ್ಯದ ಕೊನೆಯ ಇನ್ನಿಂಗ್ಸ್ ಎಸೆಯುವ ಕ್ಲೋಸರ್ ಎಡ್ವಿನ್ ಡಿಯಾಸ್ ಅವರನ್ನೂ ಪಡೆಯಿತು. ಡಾಡ್ಜರ್ಸ್‌ನಷ್ಟು ಖರ್ಚು ಮಾಡಿ ಎಂದು ನಾನು ಕೇಳುತ್ತಿಲ್ಲ, ಒಬ್ಬ ನಂಬಿಗಸ್ತ ರಿಲೀವರ್‌ಗೆ ಬೇಕಾದಷ್ಟನ್ನು ಕೇಳುತ್ತಿದ್ದೇನೆ.

ಮ್ಯಾನೇಜರ್ ಬಾಬ್ ಮೆಲ್ವಿನ್ ಅವರನ್ನು ಋತು ಮುಗಿದ ಕೂಡಲೇ ಕೈಬಿಟ್ಟು ಪೋಸಿ ಕರೆತಂದದ್ದು ಟೋನಿ ವಿಟೆಲೊ ಅವರನ್ನು. 2024ರಲ್ಲಿ ಟೆನ್ನೆಸ್ಸೀ ವಿಶ್ವವಿದ್ಯಾಲಯ ತಂಡಕ್ಕೆ ಕಾಲೇಜು ಚಾಂಪಿಯನ್ ಪಟ್ಟ ತಂದ ಅವರು, ವೃತ್ತಿಪರ ಬೇಸ್‌ಬಾಲ್‌ನಲ್ಲಿ ಯಾವ ಹುದ್ದೆಯನ್ನೂ ನಿರ್ವಹಿಸದೆ ಕಾಲೇಜಿನಿಂದ ನೇರವಾಗಿ ಮೇಜರ್ ಲೀಗ್ ಮ್ಯಾನೇಜರ್ ಆದ ಮೊದಲಿಗರು. ಈ ಆಯ್ಕೆಯ ಸಾಹಸ ನನಗೆ ಇಷ್ಟವಾಗಿದೆ. ನಾಲ್ಕು ವರ್ಷ ಒಂದೇ ಕಡೆ ನಿಂತ ತಂಡಕ್ಕೆ ಹೊರಗಿನ ಕಣ್ಣು ಬೇಕಿತ್ತು. ಮೆಟ್ಸ್‌ನಿಂದ ಬಂದ ಡ್ರೂ ಗಿಲ್ಬರ್ಟ್, ಬ್ಲೇಡ್ ಟಿಡ್ವೆಲ್ ಇಬ್ಬರೂ ಟೆನ್ನೆಸ್ಸೀಯಲ್ಲಿ ಅವರ ಕೈಕೆಳಗೇ ಆಡಿದವರು. ಹಳೆಯ ಮ್ಯಾನೇಜರ್ ಬ್ರೂಸ್ ಬೋಚಿ ಸಲಹೆಗಾರರಾಗಿ ಮರಳಿದ್ದಾರೆ. ಆದರೆ ಕಾಲೇಜಿನಲ್ಲಿ ಪಂದ್ಯಗಳು ವಾರಾಂತ್ಯದ ಸುತ್ತ ನಡೆಯುತ್ತವೆ, ಒಳ್ಳೆಯ ಪಿಚರ್‌ಗೆ ವಿಶ್ರಾಂತಿ ತಾನಾಗಿ ಸಿಗುತ್ತದೆ. ಮೇಜರ್ ಲೀಗ್‌ನಲ್ಲಿ ಆರು ತಿಂಗಳು ಹೆಚ್ಚುಕಡಿಮೆ ಪ್ರತಿದಿನ ಆಟ. ಯಾವ ರಿಲೀವರ್‌ನನ್ನು ಇಂದು ಬಳಸಬೇಕು, ಯಾರನ್ನು ನಾಳೆಗೆ ಉಳಿಸಬೇಕು ಎಂಬ ಲೆಕ್ಕ ಮ್ಯಾನೇಜರ್‌ನ ಅತಿ ಕಷ್ಟದ ಕೆಲಸ. ಈ ಲೆಕ್ಕದಲ್ಲಿ ಅನುಭವವಿಲ್ಲದ ಮ್ಯಾನೇಜರ್‌ಗೆ ತಂಡದ ಅತಿ ದುರ್ಬಲ ವಿಭಾಗವಾದ ಬುಲ್‌ಪೆನ್ ಅನ್ನೇ ಒಪ್ಪಿಸಿರುವುದು ಅವರಿಗೆ ನ್ಯಾಯವಲ್ಲ.

ಎಲ್‌ಡ್ರಿಜ್ ಬಗ್ಗೆ ಎರಡು ಮಾತು. ಆರು ಅಡಿ ಏಳು ಇಂಚು ಎತ್ತರದ ಈ ಹುಡುಗ ಕಳೆದ ಸೆಪ್ಟೆಂಬರ್‌ನಲ್ಲಷ್ಟೇ ಮೊದಲ ಪಂದ್ಯ ಆಡಿದ್ದಾನೆ, ಆಮೇಲೆ ಮಣಿಕಟ್ಟಿನ ಶಸ್ತ್ರಚಿಕಿತ್ಸೆಯೂ ಆಗಿದೆ. ಮೊದಲ ತಿಂಗಳಲ್ಲಿ ಎಡವಿದರೆ ಅವಸರಪಡಬಾರದು. ತಂಡದ ಮುಂದಿನ ಹತ್ತು ವರ್ಷಗಳ ಬ್ಯಾಟಿಂಗ್ ಅವನ ಮೇಲೆ ನಿಂತಿದೆ.

ಯಾಂಕೀಸ್ ವಿರುದ್ಧ 2026ರ ಮಾರ್ಚ್ 25ರಂದು ಒರಾಕಲ್ ಪಾರ್ಕ್‌ನಲ್ಲಿ ಋತು ಆರಂಭವಾಗುತ್ತದೆ. ನನ್ನ ಅಂದಾಜಿನಲ್ಲಿ ಈ ತಂಡ 83ರಿಂದ 86 ಪಂದ್ಯ ಗೆಲ್ಲಬಲ್ಲದು. ಡಾಡ್ಜರ್ಸ್‌ಅನ್ನು ಹಿಡಿಯುವಷ್ಟು ಅಲ್ಲ, ಕೊನೆಯ ವೈಲ್ಡ್ ಕಾರ್ಡ್‌ಗೆ ಸೆಪ್ಟೆಂಬರ್ ಕೊನೆಯವರೆಗೂ ಹೋರಾಡುವಷ್ಟು. ಅಂಥ ಹೋರಾಟದಲ್ಲಿ ಪಂದ್ಯಗಳು ಏಳು, ಎಂಟು, ಒಂಬತ್ತನೆಯ ಇನ್ನಿಂಗ್ಸ್‌ಗಳಲ್ಲೇ ಇತ್ಯರ್ಥವಾಗುತ್ತವೆ. ಆದ್ದರಿಂದ ಪೋಸಿ ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಈ ವರ್ಷ ವಿನಿಮಯದ ಗಡುವು ಹತ್ತಿರ ಬಂದಾಗ ತಂಡ ಗೆಲುವು ಸೋಲುಗಳ ಸಮಬಲದಲ್ಲಿ ನಿಂತಿದ್ದರೂ ರಿಲೀವರ್‌ಗಳನ್ನು ಬಿಟ್ಟುಕೊಡಬೇಡಿ, ಇನ್ನಿಬ್ಬರನ್ನು ತನ್ನಿ, ಸಾಧ್ಯವಾದರೆ ಗಡುವಿಗೂ ಕಾಯದೆ, ಮೇ ತಿಂಗಳಲ್ಲೇ ತನ್ನಿ.