ಕಳ್ಳನ ಮಗ, ನ್ಯಾಯಾಧೀಶನ ಮಗ

ಕೇಳುಗರೇ, ನಮಸ್ಕಾರ.

'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಆಡಿಬಿಡುತ್ತೇವೆ! ಅದನ್ನು ನ್ಯಾಯಪೀಠದಲ್ಲಿ ಕುಳಿತವನೇ ನಂಬಿಬಿಟ್ಟರೆ ಏನಾದೀತು ಎಂಬುದನ್ನು ಹೇಳುವ ಚಿತ್ರ, 1951ರಲ್ಲಿ ತೆರೆಕಂಡ ರಾಜ್ ಕಪೂರ್ ಅವರ ಹಿಂದಿಯ 'ಆವಾರಾ'. ಅಪ್ಪ ಡಕಾಯಿತನಾಗಿದ್ದನೆಂಬ ಕಾರಣಕ್ಕೆ ಜಗ್ಗಾ ಎಂಬ ನಿರಪರಾಧಿಗೆ ರಘುನಾಥನೆಂಬ ನ್ಯಾಯಾಧೀಶ ಶಿಕ್ಷೆ ವಿಧಿಸುತ್ತಾನೆ. ಮುಂದೆ ನಿಜಕ್ಕೂ ಡಕಾಯಿತನಾದ ಜಗ್ಗಾ ಅದೇ ನ್ಯಾಯಾಧೀಶನ ಹೆಂಡತಿಯನ್ನು ಹೊತ್ತೊಯ್ದು, ಆಕೆ ಬಸುರಿಯೆಂದು ತಿಳಿದೊಡನೆ ಬಿಟ್ಟುಬಿಡುತ್ತಾನೆ. ಶಂಕೆಗೆ ಬಿದ್ದ ಗಂಡ ಆಕೆಯನ್ನು ಮನೆಯಿಂದ ಹೊರಹಾಕುತ್ತಾನೆ. ಬೀದಿಯಲ್ಲಿ ಹೆತ್ತು, ಮುಂಬಯಿಯ ಕೊಳೆಗೇರಿಯಲ್ಲಿ ಮಗನನ್ನು ಸಾಕುವ ಆ ತಾಯಿಯ ಪಾತ್ರ ವಹಿಸಿದ ಲೀಲಾ ಚಿಟ್ನಿಸ್ ನಮ್ಮ ಧಾರವಾಡದಲ್ಲಿ ಹುಟ್ಟಿದವರು.

ಹುಡುಗ ರಾಜ್ ಕೆಡುವುದನ್ನು ಚಿತ್ರ ಅವಸರವಿಲ್ಲದೆ ತೋರಿಸುತ್ತದೆ. ಅವನು ಶಾಲೆಗೆ ಹೋಗುತ್ತಾನೆ, ಬೂಟು ಪಾಲಿಶ್ ಮಾಡುತ್ತಾನೆ. ಆ ಕೆಲಸದಿಂದಾಗಿ ಶಾಲೆಯೂ ತಪ್ಪುತ್ತದೆ. ಹಸಿದು ಮಲಗಿದ ತಾಯಿಗಾಗಿ ಒಂದು ರೊಟ್ಟಿ ಕದ್ದು ಸಿಕ್ಕಿಬೀಳುತ್ತಾನೆ. ಸೆರೆಮನೆಯಲ್ಲಿ ಊಟಕ್ಕೆ ಬಂದ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಇದು ಹೊರಗೆ ಸಿಕ್ಕಿದ್ದರೆ ನಾನು ಒಳಗೆ ಬರುತ್ತಿದ್ದೆನೇ ಎಂಬರ್ಥದಲ್ಲಿ ಅವನು ಆಡುವ ಮಾತಿಗೆ ಇಡೀ ಚಿತ್ರದ ತೂಕವಿದೆ. ಬೆಳೆದು, ತಂದೆಯನ್ನೇ ಕೊಲ್ಲಲು ಹೋದ ಆರೋಪದ ಮೇಲೆ ಕಟಕಟೆಯಲ್ಲಿ ನಿಂತಾಗಲೂ ಅವನು ತನಗಾಗಿ ಬೇಡುವುದಿಲ್ಲ. ಅಪರಾಧದ ಕ್ರಿಮಿ ತನಗೆ ಅಂಟಿದ್ದು ಹೆತ್ತವರಿಂದಲ್ಲ, ಗುಡಿಸಲ ಪಕ್ಕದ ಚರಂಡಿಯಿಂದ ಎನ್ನುತ್ತಾನೆ.

ರಕ್ತ ಮುಖ್ಯವಲ್ಲವೆಂದು ವಾದಿಸುವ ಈ ಚಿತ್ರದಲ್ಲಿ ಮಗ ರಾಜ್ ಕಪೂರ್, ತಂದೆ ಪೃಥ್ವಿರಾಜ್, ವಿಚಾರಣೆ ನಡೆಸುವ ನ್ಯಾಯಾಧೀಶ ಅಜ್ಜ ಬಶೇಶ್ವರನಾಥ್, ಬಾಲಕ ರಾಜ್ ತಮ್ಮ ಶಶಿ ಕಪೂರ್. ಒಂದೇ ಮನೆತನದ ಮೂರು ತಲೆಮಾರು ತೆರೆಯ ಮೇಲಿರುವುದು ತಮಾಷೆಯೇ ಸರಿ.

ಹುಟ್ಟನ್ನೇ ಅಪರಾಧವೆಂದು ಎಣಿಸುವುದು ಕೇವಲ ಕಥೆಯ ಕಲ್ಪನೆಯಾಗಿರಲಿಲ್ಲ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟುಕಳ್ಳರೆಂದು ದಾಖಲಿಸಿಕೊಂಡಿತ್ತು. ಅಂಥವರನ್ನು ಕೂಡಿಹಾಕಿದ್ದ ಹುಬ್ಬಳ್ಳಿಯ ಪ್ರದೇಶಕ್ಕೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. ದೇಶದಾದ್ಯಂತ ಆ ಕಾಯ್ದೆ ರದ್ದಾದದ್ದು 1952ರ ಆಗಸ್ಟ್‌ನಲ್ಲಿ, ಅಂದರೆ ಚಿತ್ರ ಬಂದ ಮೇಲೆ.

ಆದರೂ ನನಗೊಂದು ತಕರಾರಿದೆ. ಪ್ರೇಕ್ಷಕರು ಮರುಗುವ ರಾಜ್ ಎಷ್ಟೇ ಕೆಟ್ಟರೂ ನ್ಯಾಯಾಧೀಶನ ಮಗ. ಅವನ ಒಳಗಿನ ಒಳ್ಳೆಯತನವನ್ನು 'ದೊಡ್ಡ ಮನೆಯ ರಕ್ತ' ಎಂದು ಯಾರಾದರೂ ಅರ್ಥೈಸಿದರೆ, ಅದನ್ನು ಅಲ್ಲಗಳೆಯಲು ಕಥೆ ಎಡೆಗೊಡುವುದಿಲ್ಲ. ಕಳ್ಳನ ಮಗನಾಗಿ ಹುಟ್ಟಿ, ತಪ್ಪು ಮಾಡದೆಯೇ ಶಿಕ್ಷೆ ಉಂಡು, ಆ ಶಿಕ್ಷೆಯಿಂದಲೇ ಕಳ್ಳನಾದವನು ಜಗ್ಗಾ. ಚಿತ್ರದ ವಾದಕ್ಕೆ ನಿಜವಾದ ಸಾಕ್ಷಿಯೂ ಅವನೇ. ಜಗ್ಗಾನ ಪಾತ್ರ ವಹಿಸಿದ ಕೆ. ಎನ್. ಸಿಂಗ್ ಅವರ ತಣ್ಣನೆಯ ಕಣ್ಣುಗಳಲ್ಲಿ ಆ ಹಳೆಯ ಅನ್ಯಾಯದ ನೆರಳು ಆಗಾಗ ಹಾದುಹೋಗುತ್ತದೆ, ಅಷ್ಟೆ. ರಾಜನಿಗೆ ಮೂರು ವರ್ಷಗಳ ಸೆರೆವಾಸ, ಅವನ ಪರ ವಾದಿಸಿ ದಾರಿ ಕಾಯುವ ಪ್ರೇಯಸಿ ರೀಟಾ, ಕಂಬಿಯಾಚೆ ಕಣ್ಣೀರಿಡುವ ತಂದೆ, ಎಲ್ಲವೂ ದೊರೆಯುತ್ತವೆ. ಜಗ್ಗಾ ಅಷ್ಟರಲ್ಲಾಗಲೇ ರಾಜನ ಕೈಯಿಂದಲೇ ಸತ್ತಿರುತ್ತಾನೆ. ಜಗ್ಗಾನಿಗೆ ಶಿಕ್ಷೆ ವಿಧಿಸಿದ ಆ ಮೊದಲ ತೀರ್ಪು ತಪ್ಪಾಗಿತ್ತೆಂದು ದಾಖಲಿಸಲು ಯಾವ ನ್ಯಾಯಾಲಯವೂ ಸೇರುವುದಿಲ್ಲ.