ಕಾರ್ಡ್ ಕೂತಿತು, ಲೇನ್ ಎಷ್ಟು ಸಿಕ್ಕಿತು?

ಸಂಜೆ ಆರು ಗಂಟೆಗೆ ಮಂಗಳೂರಿನ ನಂತೂರು ಸರ್ಕಲ್‌ನಲ್ಲಿ ಸಿಕ್ಕಿಬಿದ್ದಿದ್ದೀರಾ? ಉಡುಪಿ ಕಡೆಯ ಲಾರಿ, ಕೇರಳದ ಟ್ಯಾಂಕರ್, ಮೂಡಬಿದ್ರೆ ಬಸ್ಸು, ಕದ್ರಿ ಕಡೆಯ ರಿಕ್ಷಾ, ಎಲ್ಲದಕ್ಕೂ ಅದೇ ಒಂದು ಸರ್ಕಲ್. ನನ್ನ ಕಂಪ್ಯೂಟರಿನ ಒಳಗೂ ಒಂದು ನಂತೂರು ಉಂಟು. ಎರಡನೇ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಗೊತ್ತಾಯಿತು.

ಮನೆ ಒಳಾಂಗಣದ ಚಿತ್ರಗಳನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೆಂಡರ್ ಮಾಡುವುದು ನನ್ನ ಹೊಟ್ಟೆಪಾಡು. ಮದರ್‌ಬೋರ್ಡಿನಲ್ಲಿ ಎರಡು ಉದ್ದದ ಸ್ಲಾಟ್ ಇತ್ತು, ಮತ್ತೆ ಎಂತ ಯೋಚನೆ ಅಂತ ಕಾರ್ಡ್ ಸಿಕ್ಕಿಸಿದೆ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆದರೆ ಎರಡನೇ ಕಾರ್ಡಿಗೆ ಬರೀ 4 ಲೇನ್, ಅಂದರೆ ಡೇಟಾ ಓಡಾಡುವ ನಾಲ್ಕೇ ಸಾಲು. ಅದೂ ಪಿಸಿಐ ಎಕ್ಸ್‌ಪ್ರೆಸ್ (ಆ ದಾರಿಯ ಹೆಸರು) 3.0, 4.0ರ ಅರ್ಧ ವೇಗದ್ದು. ಅಂಗಡಿಗೆ ಫೋನ್ ಮಾಡಿದೆ. "ಕಾರ್ಡ್ ಸರಿ ಕೂತಿತಲ್ಲ ಸರ್?" ಅಂದರು. ಕೂತಿತು ಮಾರಾಯ್ರೇ. ಕೂರುವುದು ಬೇರೆ, ಓಡುವುದು ಬೇರೆ.

ನನ್ನದು ಬಿ550 ಬೋರ್ಡ್, ರೈಜನ್ ಪ್ರೊಸೆಸರ್. ಪ್ರೊಸೆಸರ್ ಕೊಡುವುದು 24 ಲೇನ್. ಮೊದಲ ಸ್ಲಾಟಿಗೆ 16, ಎಸ್‌ಎಸ್‌ಡಿಗೆ 4, ಚಿಪ್‌ಸೆಟ್‌ಗೆ (ಬೋರ್ಡಿನ ಉಳಿದ ಭಾಗಗಳನ್ನು ಪ್ರೊಸೆಸರಿಗೆ ಜೋಡಿಸುವ ಚಿಪ್) 4. ನನ್ನ ಎರಡನೇ ಸ್ಲಾಟ್ ಇರುವುದು ಚಿಪ್‌ಸೆಟ್‌ನ ಆಚೆ. ಹಾರ್ಡ್ ಡಿಸ್ಕ್, ನೆಟ್‌ವರ್ಕ್, ಎರಡನೇ ಎಸ್‌ಎಸ್‌ಡಿ, ಹಿಂದಿನ ಕೆಲವು ಯುಎಸ್‌ಬಿ, ಅವುಗಳ ಜೊತೆ ಈ ಕಾರ್ಡ್ ಕೂಡ ಅದೇ ನಾಲ್ಕು ಲೇನ್‌ನಲ್ಲಿ ನುಗ್ಗಬೇಕು. ಅದೇ ನಂತೂರು. 4.0 ಇರುವ ಮೊದಲ ಸ್ಲಾಟಿನಲ್ಲಿ ಸೆಕೆಂಡಿಗೆ ಸುಮಾರು 32 ಜಿಬಿ ದಾರಿ, ಎರಡನೆಯದರಲ್ಲಿ 4 ಜಿಬಿಯೂ ಪೂರ್ತಿ ಇಲ್ಲ. ಸ್ಲಾಟ್ ನೋಡಲು ಮಾತ್ರ ಅಣ್ಣತಮ್ಮಂದಿರು.

ಅಂದು ರಾತ್ರಿ ನಿದ್ದೆ ಬರಲಿಲ್ಲ. 16 ಲೇನನ್ನು ಎಂಟೆಂಟಾಗಿ ಹಂಚುವ ದುಬಾರಿ ಬೋರ್ಡ್ ಹುಡುಕತೊಡಗಿದೆ. ಆಮೇಲೆ ತಲೆಗೆ ಹೊಳೆಯಿತು: ಈ ದಾರಿಯಲ್ಲಿ ನಿಜವಾಗಿ ಎಷ್ಟು ಸಾಮಾನು ಹೋಗುತ್ತದೆ?

ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್ ಇಡೀ ದೃಶ್ಯವನ್ನು ಎರಡೂ ಕಾರ್ಡಿನ ಮೆಮೊರಿಗೆ ಬೇರೆಬೇರೆಯಾಗಿ ತುಂಬುತ್ತದೆ. (ಹಾಗಾಗಿ 12 ಮತ್ತು 12 ಸೇರಿ 24 ಜಿಬಿ ಆಗುತ್ತದೆ ಅಂತ ಸುಮ್ನೆ ಕನಸು ಕಾಣಬೇಡಿ.) ತುಂಬಿದ ಮೇಲೆ ಎರಡೂ ತಮ್ಮಷ್ಟಕ್ಕೆ ಲೆಕ್ಕ ಮಾಡುತ್ತವೆ, ದಾರಿ ಬಹುತೇಕ ಖಾಲಿ. ತುಂಬುವಾಗ ಕೆಲವು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಆನಿಮೇಶನ್‌ಗೆ ಪರ್ಸಿಸ್ಟೆಂಟ್ ಡೇಟಾ ಎಂಬ ಸೆಟ್ಟಿಂಗ್ ಆನ್ ಮಾಡಿಟ್ಟರೆ ಪ್ರತಿ ಫ್ರೇಮಿಗೂ ಎಲ್ಲವನ್ನೂ ಮತ್ತೆ ತುಂಬುವ ಕೆಲಸ ತಪ್ಪುತ್ತದೆ.

ಮನೆಯಲ್ಲೇ ಭಾಷಾ ಮಾದರಿ (ಚಾಟ್‌ಜಿಪಿಟಿಯಂಥ ಎಐ) ಓಡಿಸುವವರಿಗೂ ಹೀಗೆಯೇ. ಮಾದರಿಯ ಪದರಗಳಲ್ಲಿ ಅರ್ಧದಷ್ಟು ಒಂದು ಕಾರ್ಡಿನಲ್ಲಿ, ಉಳಿದವು ಇನ್ನೊಂದರಲ್ಲಿ. ನಡುವೆ ದಾಟುವುದು ಒಂದು ಟೋಕನ್‌ಗೆ (ಪದ ಅಥವಾ ಪದದ ತುಣುಕು) ಕೆಲವೇ ಕೆಬಿ. ಅದಕ್ಕೆ ನಾಲ್ಕು ಲೇನ್ ಧಾರಾಳ ಸಾಕು. ಆದರೆ ಒಂದೊಂದು ಪದರವನ್ನೇ ಎರಡು ಕಾರ್ಡಿಗೆ ಸೀಳಿದರೆ, ಅಥವಾ ಮಾದರಿಗೆ ತರಬೇತಿ ಕೊಡುವುದಾದರೆ, ಕತೆ ಬೇರೆ. ಆಗ ಕಾರ್ಡುಗಳು ಹೆಜ್ಜೆಹೆಜ್ಜೆಗೂ ಮಾತಾಡಿಕೊಳ್ಳಬೇಕು. ಸುರತ್ಕಲ್‌ನಲ್ಲಿ ಓದುತ್ತಿರುವ ನನ್ನ ತಮ್ಮನಂಥವರು ಎಂಟೆಂಟು ಲೇನ್‌ನ ಬೋರ್ಡಿಗೇ ದುಡ್ಡು ಹಾಕಲಿ, ನಾನು ಬೇಡ ಅನ್ನುವುದಿಲ್ಲ.

ಹಾಗಾದರೆ ನಮಗೆಲ್ಲ ಈ ಹೆದರಿಕೆ ಬಂದದ್ದು ಎಲ್ಲಿಂದ? ಗೇಮಿಂಗ್‌ನ ಎಸ್‌ಎಲ್‌ಐ (ಒಂದೇ ಆಟಕ್ಕೆ ಎರಡು ಕಾರ್ಡ್ ಜೋಡಿಸುವ ವಿಧಾನ) ಕಾಲದಿಂದ ಅಂತ ನನ್ನ ಅನಿಸಿಕೆ. ಆಗ ಎನ್‌ವಿಡಿಯಾ ಪ್ರತಿ ಕಾರ್ಡಿಗೆ ಕನಿಷ್ಠ 8 ಲೇನ್ ಕೇಳುತ್ತಿತ್ತು. 2021ರಿಂದ ಆಟಗಳಿಗೆ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಡ್ರೈವರ್ ಸೆಟ್ಟಿಂಗ್) ಕೊಡುವುದನ್ನೇ ಅವರು ನಿಲ್ಲಿಸಿದರು. ಆಟ ಮುಗಿಯಿತು, ಹೆದರಿಕೆ ಮಾತ್ರ ನಮ್ಮ ಹತ್ತಿರ ಉಳಿಯಿತು.

ಬೋರ್ಡ್ ಮಾಡುವವರ ಮೇಲೆ ನನ್ನ ಸಿಟ್ಟು ಹಾಗೆಯೇ ಉಂಟು. ಬಾಕ್ಸಿನ ಮೇಲೆ ಬಣ್ಣದ ಲೈಟಿನ ಚಿತ್ರಕ್ಕೆ ಜಾಗ ಉಂಟು, ಎರಡನೇ ಸ್ಲಾಟಿನಲ್ಲಿ ನಾಲ್ಕೇ ಲೇನ್ ಅನ್ನುವುದಕ್ಕೆ ಇಲ್ಲ. ಇಂಥ ಎಂ.2 (ಎಸ್‌ಎಸ್‌ಡಿ ಕೂರುವ ಜಾಗ) ತುಂಬಿದರೆ ಇಂಥ ಸ್ಲಾಟ್ ಬಂದ್ ಅನ್ನುವ ಸಾಲು ಮ್ಯಾನ್ಯುವಲ್‌ನ ಯಾವುದೋ ಮೂಲೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ. ಕಾರ್ಡ್ ತರುವ ಮೊದಲು ಆ ಪುಟ ಓದಿ. ಇನ್ನೊಂದು, ಕಾರ್ಡ್ ಸುಮ್ಮನೆ ಕೂತಿರುವಾಗ ಜಿಪಿಯು-ಝಡ್ ಪಿಸಿಐ ಎಕ್ಸ್‌ಪ್ರೆಸ್ 1.1 ಅಂತ ತೋರಿಸಿದರೆ ಗಾಬರಿ ಬೇಡ. ಅದು ಕರೆಂಟ್ ಉಳಿಸುವ ಉಪಾಯ. ಪಕ್ಕದ ಪ್ರಶ್ನೆ ಗುರುತು ಒತ್ತಿ, ರೆಂಡರ್ ಟೆಸ್ಟ್ ಓಡಿಸಿ ನೋಡಿ.

ನಾನು ಬೋರ್ಡ್ ಬದಲಿಸಲಿಲ್ಲ. ಆ ದುಡ್ಡಿಗೆ ದೊಡ್ಡ ಪವರ್ ಸಪ್ಲೈ ಮತ್ತು ಮೂರು ಫ್ಯಾನ್ ತಂದೆ. ನಮ್ಮೂರ ಏಪ್ರಿಲ್ ಸೆಕೆಗೆ ಎರಡು ಕಾರ್ಡ್ ಒತ್ತಿಕೊಂಡು ಕೂತರೆ ಮೇಲಿನದ್ದು ಕಾವಲಿಯ ಹಾಗೆ ಕಾಯುತ್ತದೆ. ಲೇನ್ ಸಮಸ್ಯೆ ಹೋಯಿತು, ಈಗ ಸಿಡಿಲಿನದ್ದು. ಗುಡುಗು ಕೇಳಿದ ಕೂಡಲೇ ಅಮ್ಮ ಬಂದು ಪ್ಲಗ್ ಕೀಳುತ್ತಾರೆ, ರೆಂಡರ್ ಎಷ್ಟಾದರೂ ಆಗಿರಲಿ.